ಕನ್ನಡಕದ ಅಂಗಡಿಯೋ, ಆಪ್ಟೋಮೆಟ್ರಿಸ್ಟೋ, ಕಣ್ಣಿನ ಡಾಕ್ಟರೋ: ಕೊಡಗಿನಲ್ಲಿದ್ದು ಆಯ್ಕೆ ಮಾಡುವುದು ಹೇಗೆ

ನಮ್ಮೂರಿನ ಸಮುದಾಯ ಭವನದಲ್ಲಿ ನೇತ್ರ ತಪಾಸಣಾ ಶಿಬಿರ ನಡೆದಾಗಲೆಲ್ಲ ಹೆಸರು ಬರೆದುಕೊಳ್ಳುವ ಮೇಜು ಹಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಆ ಮೇಜಿನ ಮುಂದೆ ನಿಂತವರು ಹೆಸರು, ವಯಸ್ಸು ಹೇಳಿದ ಮೇಲೆ ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಕನ್ನಡಕದ ಅಂಗಡಿಯಲ್ಲಿ ತೋರಿಸಿದರೆ ಸಾಕಾ, ಮಡಿಕೇರಿಯ ದೊಡ್ಡಾಸ್ಪತ್ರೆಗೆ ಹೋಗಬೇಕಾ, ಇಲ್ಲ ನೇರವಾಗಿ ಮೈಸೂರಿಗೇ ಬಸ್ ಹತ್ತಬೇಕಾ? ಪ್ರಶ್ನೆ ಸರಳವಾಗಿ ಕೇಳಿಸಿದರೂ ಉತ್ತರ ತಪ್ಪಿದರೆ ಒಬ್ಬರಿಗೆ ಒಂದು ದಿನದ ಕೂಲಿ ವ್ಯರ್ಥವಾಗುತ್ತದೆ, ಇನ್ನೊಬ್ಬರಿಗೆ ಕಣ್ಣೇ ಹೋಗುತ್ತದೆ. ಎರಡನ್ನೂ ನೋಡಿರುವುದರಿಂದ, ಯಾರು ಯಾವ ಕೆಲಸಕ್ಕೆ, ಎಷ್ಟರ ಮಟ್ಟಿಗೆ ಎಂಬುದನ್ನು ತಿಳಿದಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಯಾರ ಬಳಿ ಹೋಗಬೇಕೆಂದು ನಿರ್ಧರಿಸುವ ಮುನ್ನ ಕೇಳಿಕೊಳ್ಳಬೇಕಾದ ಸಂಗತಿಗಳು ನಾಲ್ಕೈದಿವೆ. ಮೊದಲನೆಯದು, ತೊಂದರೆ ಪವರಿನದೋ, ರೋಗದ್ದೋ, ಅಥವಾ ಗಂಟೆಗಳ ಲೆಕ್ಕದಲ್ಲಿ ಓಡಬೇಕಾದ ತುರ್ತೋ ಎಂಬುದು. ಎರಡನೆಯದು, ಎದುರಿಗೆ ಕೂತವರ ಓದು ಏನು, ಕಾನೂನಿನ ಪ್ರಕಾರ ಅವರು ಏನು ಮಾಡಬಹುದು, ಏನು ಮಾಡುವಂತಿಲ್ಲ ಎಂಬುದು. ಮೂರನೆಯದು, ಅವರ ಬಳಿ ಕಣ್ಣಿನ ಒಳಗನ್ನು ನೋಡುವ ಉಪಕರಣಗಳಿವೆಯೇ ಎಂಬುದು. ನಾಲ್ಕನೆಯದು ಖರ್ಚು, ಇದರಲ್ಲಿ ಪರೀಕ್ಷೆಯ ಶುಲ್ಕದ ಜೊತೆಗೆ ಬಸ್ ಚಾರ್ಜು, ಜೊತೆಗೆ ಬರುವವರ ಊಟ, ತಪ್ಪಿಹೋಗುವ ಕೂಲಿ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಬೇಕು. ಕೊನೆಯದನ್ನು ಜನ ಯೋಚಿಸುವುದೇ ಇಲ್ಲ: ಮುಂದಿನ ತಿಂಗಳು ಮತ್ತೆ ತೋರಿಸಬೇಕಾಗಿ ಬಂದರೆ ಅದೇ ವ್ಯಕ್ತಿ ಸಿಗುತ್ತಾರೆಯೇ? ರೈಲು ಇಲ್ಲದ, ಮಳೆಗಾಲದಲ್ಲಿ ರಸ್ತೆಯ ಮೇಲೆ ಭರವಸೆ ಇಡಲಾಗದ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಮಾತಲ್ಲ.

ಪವರಿನ ತೊಂದರೆಯೋ, ರೋಗವೋ?

ಇದನ್ನು ಖಚಿತವಾಗಿ ಹೇಳಬೇಕಾದವರು ಪರೀಕ್ಷಿಸುವವರೇ. ಆದರೂ ಮನೆಯಲ್ಲೇ ಒಂದು ಅಂದಾಜು ಸಿಗುವ ದಾರಿಯಿದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದಕ್ಕೆ ಗುಂಡುಸೂಜಿಯಿಂದ ಸುಮಾರು ಒಂದು ಮಿಲಿಮೀಟರಿನ ತೂತು ಮಾಡಿ. ಗೋಡೆಯ ಮೇಲಿನ ಕ್ಯಾಲೆಂಡರನ್ನು ಹಗಲು ಬೆಳಕಿನಲ್ಲಿ ಏಳೆಂಟು ಅಡಿ ದೂರದಿಂದ, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಮೊದಲು ಬರಿಗಣ್ಣಿನಿಂದ, ಆಮೇಲೆ ಆ ತೂತಿನ ಮೂಲಕ ನೋಡಿ. ಬರಿಗಣ್ಣಿಗೆ ಕಲಸಿಹೋಗಿದ್ದ ಅಂಕಿಗಳು ತೂತಿನಲ್ಲಿ ಸ್ಪಷ್ಟವಾದರೆ ತೊಂದರೆ ಬಹುಮಟ್ಟಿಗೆ ಕನ್ನಡಕದಿಂದ ಸರಿಹೋಗುವಂಥದ್ದು. ಸೂಜಿತೂತು ಚದುರಿದ ಕಿರಣಗಳನ್ನು ತಡೆದು ನಟ್ಟನಡುವಿನ ಕಿರಣಗಳನ್ನಷ್ಟೇ ಒಳಗೆ ಬಿಡುವುದರಿಂದ ಪವರಿನ ದೋಷ ಆ ಕ್ಷಣಕ್ಕೆ ಮರೆಯಾಗುತ್ತದೆ. ತೂತಿನಲ್ಲೂ ಮಂಜು ಮಂಜಾಗಿಯೇ ಕಂಡರೆ, ಅಥವಾ ಇನ್ನಷ್ಟು ಕೆಟ್ಟರೆ, ಪೊರೆಯೋ ರೆಟಿನಾದ (ಕಣ್ಣಿನ ಹಿಂಬದಿಯ ಒಳಪರದೆಯ) ತೊಂದರೆಯೋ ನರದ ತೊಂದರೆಯೋ ಇರುವ ಸಾಧ್ಯತೆ ಹೆಚ್ಚು. ಅಂಥವರು ಕನ್ನಡಕದ ಅಂಗಡಿಯನ್ನು ದಾಟಿ ಮುಂದೆ ಹೋಗಬೇಕು. ಆರಂಭದ ಪೊರೆ ಇದ್ದವರಿಗೂ ತೂತಿನಲ್ಲಿ ಕೊಂಚ ಚೆನ್ನಾಗಿ ಕಾಣುವುದುಂಟು. ಆದ್ದರಿಂದ ಇದು ಎತ್ತ ಹೋಗಬೇಕೆಂಬ ಸೂಚನೆಯಷ್ಟೇ, ಪರೀಕ್ಷೆಗೆ ಬದಲಿಯಾಗದು.

ಇನ್ನೊಂದು ಸಂಗತಿಯಲ್ಲಿ ವಯಸ್ಸಾದವರು ಮೋಸಹೋಗುತ್ತಾರೆ. ಒಮ್ಮೆ ಶಿಬಿರಕ್ಕೆ ಬಂದ ಅಜ್ಜಿಯೊಬ್ಬರು ತಮಗೇನೂ ತೊಂದರೆ ಇಲ್ಲ, ಸೊಸೆಯ ಒತ್ತಾಯಕ್ಕೆ ಬಂದೆ ಎಂದರು. "ಹೋದ ವರ್ಷದವರೆಗೆ ಅಕ್ಕಿ ಆರಿಸಲು ಕನ್ನಡಕ ಬೇಕಿತ್ತು ಮಗಾ, ಈಗ ಅದಿಲ್ಲದೆಯೇ ಕಲ್ಲು ಕಾಣುತ್ತದೆ" ಎಂದು ಸಂತೋಷದಿಂದ ಹೇಳಿದರು. ಅವರನ್ನು ಪರೀಕ್ಷಿಸಿದ ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಬಲಿಯುತ್ತಿರುವುದನ್ನು ತೋರಿಸಿದರು. ಮಸೂರದ ನಡುಭಾಗ ಗಟ್ಟಿಯಾಗುತ್ತ ಹೋದಂತೆ ಕಣ್ಣಿಗೆ ಮೈನಸ್ ಪವರ್ ಸೇರುತ್ತದೆ, ಹತ್ತಿರದ್ದು ಕೆಲಕಾಲ ಚೆನ್ನಾಗಿ ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಚಾಳೀಸು ಬಿಟ್ಟುಹೋಯಿತೆಂದು ಅರವತ್ತು ದಾಟಿದವರು ಹೇಳಿದರೆ ಮನೆಯವರು ಅದನ್ನು ಶುಭಸೂಚನೆ ಎಂದುಕೊಳ್ಳದೆ ಡಾಕ್ಟರ ಬಳಿ ಕರೆದೊಯ್ಯಬೇಕು.

ಕನ್ನಡಕದ ಅಂಗಡಿ

ಅಂಗಡಿಯವರ ನಿಜವಾದ ವಿದ್ಯೆ ಕನ್ನಡಕ ಕೂರಿಸುವುದು, ಆ ವಿದ್ಯೆಯನ್ನು ನಾವು ಕಡಿಮೆ ಎಣಿಸುತ್ತೇವೆ. ಎರಡು ಪಾಪೆಗಳ ನಡುವಿನ ಅಂತರವನ್ನು ಸರಿಯಾಗಿ ಅಳೆದು, ಗಾಜಿನ ನಡುಬಿಂದು ಪಾಪೆಯ ನೇರಕ್ಕೆ ಬರುವಂತೆ ಕೊರೆದು, ಫ್ರೇಮು ಮೂಗಿನ ಮೇಲೆ ಜಾರದಂತೆ ಬಗ್ಗಿಸಿಕೊಡುವುದು ಅನುಭವ ಬೇಡುವ ಕೆಲಸ. ಅದರಲ್ಲೂ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜಿನಲ್ಲಿ ಹೊಂದಿಸುವ ಪ್ರೋಗ್ರೆಸ್ಸಿವ್ ಕನ್ನಡಕದಲ್ಲಿ ಪಾಪೆಯ ಎತ್ತರವನ್ನು ಅಳೆಯುವಾಗ ಎರಡು ಮಿಲಿಮೀಟರ್ ತಪ್ಪಿದರೂ ಮೆಟ್ಟಿಲು ಇಳಿಯುವಾಗ ನೆಲ ತೇಲಿದಂತಾಗುತ್ತದೆ. ಹೊಸ ಕನ್ನಡಕ ಹಾಕಿದ ಮೇಲೆ ತಲೆ ಭಾರವಾದರೆ ಎಲ್ಲರೂ ಪರೀಕ್ಷೆ ಮಾಡಿದವರನ್ನು ದೂರುತ್ತಾರೆ. ಮೊದಲು ಅಂಗಡಿಗೆ ಹೋಗಿ ಚೀಟಿಯಲ್ಲಿರುವ ಪವರಿಗೂ ಗಾಜಿನಲ್ಲಿರುವ ಪವರಿಗೂ ತಾಳೆ ನೋಡಿಸಿ, ನಡುಬಿಂದುವನ್ನು ಮತ್ತೆ ಅಳೆಸುವುದು ಸರಿಯಾದ ಕ್ರಮ.

ಅಂಗಡಿಯಲ್ಲಿ ದೃಷ್ಟಿ ಪರೀಕ್ಷೆಯೂ ನಡೆಯುತ್ತದೆ, ಹಲವೆಡೆ ಉಚಿತವಾಗಿ. ಆದರೆ ಅಂಗಡಿ ನಡೆಸುವವರಿಗೆಲ್ಲ ದೃಷ್ಟಿ ಪರೀಕ್ಷೆಯ ಓದು ಇರುತ್ತದೆಂದು ಭಾವಿಸಬೇಡಿ. ಗಲ್ಲವನ್ನು ಯಂತ್ರಕ್ಕೆ ಒತ್ತಿ ಕೂತಾಗ ಹೊರಬರುವ ಸಣ್ಣ ಚೀಟಿ ಕೊನೆಯ ಮಾತಲ್ಲ. ಯಂತ್ರದ ಅಂಕಿಯನ್ನು ಆರಂಭವಾಗಿ ಇಟ್ಟುಕೊಂಡು, ಅಕ್ಷರದ ಹಲಗೆಯನ್ನು 6 ಮೀಟರ್ ದೂರದಲ್ಲಿಟ್ಟೋ ಕನ್ನಡಿಯ ಸಹಾಯದಿಂದ ಅಷ್ಟೇ ದೂರ ಕಲ್ಪಿಸಿಯೋ, ಒಂದೊಂದೇ ಗಾಜು ಬದಲಿಸುತ್ತ, ಇದು ಚೆನ್ನಾಗಿದೆಯೋ ಅದು ಚೆನ್ನಾಗಿದೆಯೋ ಎಂದು ನಿಮ್ಮನ್ನು ಕೇಳಿ ಪವರ್ ನಿಗದಿ ಮಾಡಬೇಕು. ಯಂತ್ರದ ಚೀಟಿ ನೋಡಿದ ಕೂಡಲೇ ಫ್ರೇಮು ತೋರಿಸಲು ತೊಡಗುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳದಿರುವುದು ಮೇಲು.

ಹಾಗಾದರೆ ಅಂಗಡಿ ಯಾರಿಗೆ ಸಾಕು? ನಲವತ್ತರ ಆಸುಪಾಸಿನಲ್ಲಿ ಪತ್ರಿಕೆಯನ್ನು ಕೈಯುದ್ದಕ್ಕೆ ಹಿಡಿಯಲು ಶುರುಮಾಡಿದ, ಬೇರೆ ಯಾವ ಕಾಯಿಲೆಯೂ ಇಲ್ಲದ, ಇತ್ತೀಚೆಗೆ ಒಮ್ಮೆ ಡಾಕ್ಟರರಲ್ಲಿ ಕಣ್ಣು ತೋರಿಸಿಕೊಂಡವರಿಗೆ ಸಾಕು. ಕೈಯಲ್ಲಿ ಹೊಸ ಚೀಟಿ ಇದ್ದು ಕನ್ನಡಕ ಮಾಡಿಸಬೇಕಾದವರಿಗೆ ಧಾರಾಳವಾಗಿ ಸಾಕು. ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ (ಕಣ್ಣಿನ ನರ ಸವೆಯುವ ರೋಗ) ಇರುವವರಿಗೆ, ಕಣ್ಣು ಕೆಂಪಾದವರಿಗೆ ಸಾಲದು. ಉಚಿತ ಪರೀಕ್ಷೆಯ ಬೆಲೆ ಫ್ರೇಮಿನಲ್ಲಿ ಸೇರಿರುತ್ತದೆ ಎಂಬುದನ್ನೂ ಮರೆಯದಿರಿ.

ಆಪ್ಟೋಮೆಟ್ರಿಸ್ಟ್ ಮತ್ತು ನೇತ್ರಾಧಿಕಾರಿ

ಜನರಿಗೆ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ಆಪ್ಟೋಮೆಟ್ರಿಸ್ಟ್ ಎಂದರೆ ಪಿಯುಸಿಯ ನಂತರ ದೃಷ್ಟಿ ಪರೀಕ್ಷೆಯ ಪದವಿ ಓದಿದವರು. ಒಂದು ವರ್ಷದ ಆಸ್ಪತ್ರೆಯ ತರಬೇತಿಯೂ ಸೇರಿ ಈ ಪದವಿಗೆ 4 ವರ್ಷ ಹಿಡಿಯುತ್ತದೆ. ಇವರು ಎಂಬಿಬಿಎಸ್ ಓದಿದ ವೈದ್ಯರಲ್ಲ. 2021ರ ಕೇಂದ್ರ ಕಾಯ್ದೆಯೊಂದು ಆರೋಗ್ಯ ಕ್ಷೇತ್ರದ ಇತರ ಹಲವು ವೃತ್ತಿಗಳೊಡನೆ ಇವರ ವೃತ್ತಿಯನ್ನೂ ಅಧಿಕೃತವಾಗಿ ಗುರುತಿಸಿದೆ. ಪವರ್ ನಿಗದಿ ಮಾಡುವುದು, ಕಾಂಟ್ಯಾಕ್ಟ್ ಲೆನ್ಸ್ ಕೂರಿಸುವುದು, ಎರಡೂ ಕಣ್ಣು ಒಟ್ಟಾಗಿ ಕೆಲಸ ಮಾಡುತ್ತಿವೆಯೇ ಎಂದು ನೋಡುವುದು, ಕಣ್ಣಿನ ಒತ್ತಡ ಅಳೆಯುವುದು, ಉಳಿದಿರುವ ಅಲ್ಪ ದೃಷ್ಟಿಯನ್ನು ಬಳಸಲು ಭೂತಗನ್ನಡಿಯಂಥ ಸಾಧನಗಳನ್ನು ಕಲಿಸಿಕೊಡುವುದು ಇವರ ಕ್ಷೇತ್ರ. ರೋಗದ ಗುರುತು ಕಂಡರೆ ಅವರು ವೈದ್ಯರಿಗೆ ಕಳಿಸಬೇಕು. ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ, ರೋಗಕ್ಕೆ ಔಷಧಿ ಕೊಡುವುದೂ ವೈದ್ಯರ ಕೆಲಸವೇ.

ನನ್ನ ಅಭಿಪ್ರಾಯದಲ್ಲಿ, ಪವರ್ ನಿಗದಿಯ ವಿಷಯದಲ್ಲಿ ಒಳ್ಳೆಯ ಆಪ್ಟೋಮೆಟ್ರಿಸ್ಟ್ ಕೊಡುವಷ್ಟು ಸಮಯವನ್ನು ಬಿಡುವಿಲ್ಲದ ಕಣ್ಣಿನ ಡಾಕ್ಟರು ಕೊಡಲಾರರು. ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿಯೂ ಡಾಕ್ಟರ ಕೋಣೆಗೆ ಹೋಗುವ ಮೊದಲು ನಿಮ್ಮನ್ನು ಪರೀಕ್ಷಿಸುವವರು ಇವರೇ. ಕಂಪ್ಯೂಟರ್ ಮುಂದೆ ದಿನವಿಡೀ ಕೂರುವ ಯುವಕರಿಗೆ, ಪದೇ ಪದೇ ಕನ್ನಡಕ ಬದಲಿಸಿದರೂ ಸಮಾಧಾನವಾಗದವರಿಗೆ, ಕಾಂಟ್ಯಾಕ್ಟ್ ಲೆನ್ಸ್ ಬೇಕೆನ್ನುವವರಿಗೆ ಮೊದಲ ಆಯ್ಕೆ ಆಪ್ಟೋಮೆಟ್ರಿಸ್ಟ್. ತೊಂದರೆ ಏನೆಂದರೆ ನಮ್ಮ ಸಣ್ಣ ಪಟ್ಟಣಗಳಲ್ಲಿ ಪದವಿ ಪಡೆದವರು ಯಾರು, ಅಂಗಡಿಯಲ್ಲಿ ಕೆಲಸ ಮಾಡುತ್ತ ಕಲಿತವರು ಯಾರು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. "ನೀವು ಎಲ್ಲಿ ಓದಿದ್ದೀರಿ?" ಎಂದು ವಿನಯದಿಂದ ಕೇಳಿದರೆ ಓದಿದವರು ಬೇಸರಿಸಿಕೊಳ್ಳುವುದಿಲ್ಲ.

ನೇತ್ರಾಧಿಕಾರಿಗಳು ಸರ್ಕಾರಿ ವ್ಯವಸ್ಥೆಯವರು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಬೆನ್ನೆಲುಬು ಇವರು ಎಂದರೆ ತಪ್ಪಾಗದು. ಡಿಪ್ಲೊಮಾ ಮಟ್ಟದ ತರಬೇತಿ ಪಡೆದು ತಾಲ್ಲೂಕು ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡುವ ಇವರು ದೃಷ್ಟಿ ಪರೀಕ್ಷೆ ಮಾಡುತ್ತಾರೆ, ಶಾಲೆಗಳಿಗೆ ಹೋಗಿ ಮಕ್ಕಳ ಕಣ್ಣು ನೋಡುತ್ತಾರೆ, ಪೊರೆ ಬಂದವರನ್ನು ಗುರುತಿಸಿ ಶಸ್ತ್ರಚಿಕಿತ್ಸೆಗೆ ಹೊಂದಿಸಿಕೊಡುತ್ತಾರೆ. ಖರ್ಚಿನ ದೃಷ್ಟಿಯಿಂದ ಇದಕ್ಕಿಂತ ಅಗ್ಗದ ಬಾಗಿಲಿಲ್ಲ. ಮುಂದೆ ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆ ಬೇಕಾದಾಗ ಕಾಗದಪತ್ರಗಳೂ ಇಲ್ಲಿಂದಲೇ ಸಲೀಸಾಗಿ ಸಾಗುತ್ತವೆ. ಆದರೆ ಒಬ್ಬರಿಗೇ ಹಲವು ಕೇಂದ್ರಗಳ ಹೊಣೆ ಇರುವುದುಂಟು. ಯಾವ ವಾರ ಎಲ್ಲಿರುತ್ತಾರೆಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋದರೆ ತೋಟದ ಕಾರ್ಮಿಕರ ಲೈನ್‌ಮನೆಯಿಂದ ಕೂಲಿ ಬಿಟ್ಟು ಬರುವವರಿಗೆ ಒಂದು ದಿನ ಉಳಿಯುತ್ತದೆ.

ಕಣ್ಣಿನ ಡಾಕ್ಟರು

ನೇತ್ರತಜ್ಞರು ಮೊದಲು ಎಂಬಿಬಿಎಸ್ ಮುಗಿಸಿ, ಅದರ ಮೇಲೆ ಕಣ್ಣಿನ ವಿಷಯದಲ್ಲೇ 3 ವರ್ಷದ ಎಂ.ಎಸ್. ಅಥವಾ ಡಿಎನ್‌ಬಿ, ಅಥವಾ 2 ವರ್ಷದ ಡಿ.ಒ. ಮಾಡಿದವರು. ರೋಗ ಗುರುತಿಸುವುದು, ಔಷಧಿ ಬರೆಯುವುದು, ಶಸ್ತ್ರಚಿಕಿತ್ಸೆ ಮಾಡುವುದು ಮೂರೂ ಇವರ ಅಧಿಕಾರ. ಅವರ ಔಷಧಿ ಚೀಟಿಯಲ್ಲಿ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಅನುಮಾನ ಬಂದಾಗ ನೋಡಬೇಕಾದದ್ದು ಅದನ್ನೇ, ಬಾಗಿಲ ಮೇಲಿನ ಹಲಗೆಯನ್ನಲ್ಲ.

ಸಕ್ಕರೆ ಕಾಯಿಲೆ ಇದ್ದವರು ಕಣ್ಣು ಎಷ್ಟೇ ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ರೆಟಿನಾ ತೋರಿಸಲೇಬೇಕು. ರೆಟಿನಾದ ರಕ್ತನಾಳಗಳು ಸೋರಲು ಶುರುವಾಗಿ ಬಹಳ ಕಾಲದವರೆಗೆ ದೃಷ್ಟಿಯಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಹೋದದ್ದು ಹೋಗಿರುತ್ತದೆ. ಗ್ಲಾಕೋಮಾದ ಸ್ವಭಾವವೂ ಹಾಗೆಯೇ: ಅಂಚಿನಿಂದ ದೃಷ್ಟಿ ಸವೆಯುತ್ತ ಬರುವುದರಿಂದ ನೇರ ನೋಟ ಉಳಿದಿರುವವರೆಗೂ ರೋಗಿಗೆ ತಿಳಿಯುವುದಿಲ್ಲ. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ಒತ್ತಡ ಸರಿಯಾಗಿದ್ದೂ ನರ ಸವೆಯುವ ಗ್ಲಾಕೋಮಾ ಇರುವುದರಿಂದ ಬರೀ ಒತ್ತಡ ಅಳೆಸಿಕೊಂಡು ಬಂದರೆ ಸಾಲದು, ನರವನ್ನು ನೋಡಿಸಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದ್ದರೆ ನಲವತ್ತು ತುಂಬಿದ ಮೇಲೆ ಮುಂದೂಡಬಾರದು.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಒಂದು ಕಣ್ಣು ಮಂದವಾಗಿದ್ದರೂ ಇನ್ನೊಂದರಿಂದ ಮಗು ಎಲ್ಲವನ್ನೂ ನಿಭಾಯಿಸುವುದರಿಂದ ಮನೆಯಲ್ಲಿ ಗೊತ್ತೇ ಆಗುವುದಿಲ್ಲ. ಮಂದಗಣ್ಣಿಗೆ ಏಳೆಂಟು ವರ್ಷದೊಳಗೆ ಚಿಕಿತ್ಸೆ ಸಿಕ್ಕರೆ ಫಲ ಚೆನ್ನಾಗಿರುತ್ತದೆ, ತಡವಾದಷ್ಟೂ ಕಷ್ಟ. ಮೆಳ್ಳೆಗಣ್ಣನ್ನು ಅದೃಷ್ಟವೆಂದು ಬಿಡುವ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ, ಹಾಗೆ ಬಿಡಬೇಡಿ. ಮಗುವಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ಅದೇ ವಾರ ತೋರಿಸಬೇಕು. ಮಕ್ಕಳ ಪವರನ್ನು ಹನಿ ಹಾಕಿ ಕಣ್ಣಿನ ಸ್ನಾಯು ಸಡಿಲಿಸಿದ ಮೇಲೆಯೇ ಅಳೆಯಬೇಕಾಗುವುದರಿಂದ ಅವರ ಮೊದಲ ಕನ್ನಡಕ ಕಣ್ಣಿನ ಡಾಕ್ಟರು ಇರುವ ಕಡೆಯಿಂದಲೇ ಬರಲಿ. ಅವಧಿಗೆ ಮುನ್ನ, 34 ವಾರದೊಳಗೆ ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುವಿಗೆ ತಿಂಗಳು ತುಂಬುವುದರೊಳಗೆ ರೆಟಿನಾ ಪರೀಕ್ಷೆ ಆಗಬೇಕು. ಹೆರಿಗೆಯಾದ ಆಸ್ಪತ್ರೆಯವರು ಹೇಳದಿದ್ದರೂ ನೀವೇ ಕೇಳಿ.

ತೋಟದ ಗಾಯಗಳು

ಕಾಫಿ ತೋಟದ ಜಿಲ್ಲೆಯಲ್ಲಿ ಈ ಭಾಗವನ್ನು ಬೇರೆಯಾಗಿಯೇ ಬರೆಯಬೇಕು. ಕೆಲವು ವರ್ಷಗಳ ಹಿಂದೆ, ನಮ್ಮ ಪಕ್ಕದ ತೋಟದಲ್ಲಿ ಚಿಗುರು ತೆಗೆಯುತ್ತಿದ್ದವರೊಬ್ಬರಿಗೆ ಕಾಫಿ ಗಿಡದ ಒಣರೆಕ್ಕೆ (ಒಣಗಿದ ಕೊಂಬೆ) ಕಣ್ಣಿಗೆ ಹೊಡೆಯಿತು. ರಕ್ತ ಬರಲಿಲ್ಲ, ನೀರು ಸುರಿಯಿತು, ಅಷ್ಟೇ. ಎರಡು ದಿನ ನೋಡೋಣ ಎಂದವರಲ್ಲಿ ನಾನೂ ಒಬ್ಬ. ಅವರು ಔಷಧಿ ಅಂಗಡಿಯೊಂದರಲ್ಲಿ ಕೇಳಿ ಹನಿ ತಂದು ಹಾಕಿಕೊಂಡರು, ಕೆಂಪು ಇಳಿಯಿತು, ಎಲ್ಲರಿಗೂ ಸಮಾಧಾನವಾಯಿತು. ಐದನೆಯ ದಿನ ಕಪ್ಪುಗುಡ್ಡೆಯ ಮೇಲೆ ಅಕ್ಕಿ ಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿತು. ಕಣ್ಣಿನ ಡಾಕ್ಟರು ಆ ಹುಣ್ಣಿನಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರ ಎಂದರು. ಅಂಗಡಿಯಿಂದ ತಂದ ಹನಿಯಲ್ಲಿ ಸ್ಟೀರಾಯ್ಡ್ ಇತ್ತು. ಅದು ಕೆಂಪನ್ನು ಇಳಿಸಿ, ಒಳಗೆ ಶಿಲೀಂಧ್ರ ಹರಡಲು ಅನುವು ಮಾಡಿಕೊಟ್ಟಿತ್ತು. ಶಿಲೀಂಧ್ರ ಕೊಲ್ಲುವ ನಾಟಮೈಸಿನ್ ಹನಿಯನ್ನು ಗಂಟೆಗೊಮ್ಮೆ ಹಾಕುತ್ತ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಹುಣ್ಣು ಮಾಯಿತು, ಕಲೆ ಉಳಿಯಿತು. ಇಂದು ಆ ಕಣ್ಣಿಗೆ ಎದುರಿಗೆ ಹಿಡಿದ ಬೆರಳೆಣಿಸುವಷ್ಟು ಮಾತ್ರ ಕಾಣುತ್ತದೆ.

ಎಲೆ, ಕಡ್ಡಿ, ಮುಳ್ಳು, ಭತ್ತದ ತೆನೆ ಹೀಗೆ ಗಿಡಮೂಲದ ಯಾವುದೇ ವಸ್ತು ಕಣ್ಣಿಗೆ ತಗುಲಿ ಮರುದಿನವೂ ನೋವೋ ಕೆಂಪೋ ಉಳಿದಿದ್ದರೆ ಕಣ್ಣಿನ ಡಾಕ್ಟರನ್ನು ಬಿಟ್ಟು ಬೇರೆ ಯಾರ ಬಳಿಯೂ ಹೋಗಬಾರದು. ಎದೆಹಾಲು, ಸೊಪ್ಪಿನ ರಸ, ಯಾರದೋ ಮನೆಯಲ್ಲಿ ಉಳಿದ ಹನಿ ಯಾವುದನ್ನೂ ಹಾಕಬಾರದು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದೊಂದಿಗೆ ಬೆರೆಸುವ ಸುಣ್ಣ ಕಣ್ಣಿಗೆ ಬಿದ್ದರೆ ಆಸ್ಪತ್ರೆಯ ಯೋಚನೆಗೂ ಮೊದಲು ನೀರು. ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ನೀರಿನಲ್ಲಿ ಅರ್ಧ ಗಂಟೆ ಎಡೆಬಿಡದೆ ತೊಳೆಯಬೇಕು, ರೆಪ್ಪೆಯ ಕೆಳಗೆ ಸಿಕ್ಕಿದ ಸುಣ್ಣದ ಚೂರು ಹೊರಬರಬೇಕು, ಆಮೇಲೆ ಸಿಕ್ಕ ಗಾಡಿಯಲ್ಲಿ ಹೊರಡಬೇಕು. ಕಳೆ ಕೊಚ್ಚುವ ಯಂತ್ರದಿಂದ ಸಿಡಿದ ಕಲ್ಲೋ ತಂತಿಯೋ ಒಳಹೊಕ್ಕಿರಬಹುದೆಂಬ ಸಂಶಯವಿದ್ದರೆ ಕಣ್ಣನ್ನು ಉಜ್ಜದೆ, ತೊಳೆಯದೆ, ಒತ್ತಿ ಕಟ್ಟದೆ ಕರೆದೊಯ್ಯಬೇಕು.

ಗಾಯವಿಲ್ಲದೆಯೂ ತುರ್ತಾಗುವ ಲಕ್ಷಣಗಳಿವೆ. ಒಂದು ಕಣ್ಣು ಇದ್ದಕ್ಕಿದ್ದಂತೆ ಕತ್ತಲಾಗುವುದು. ಮಿಂಚು ಹೊಡೆದಂತಾಗಿ ಕಪ್ಪು ಚುಕ್ಕೆಗಳು ತೇಲಿ, ಪರದೆ ಇಳಿದಂತೆ ಕಾಣುವುದು. ಕಣ್ಣು ಕೆಂಪಾಗಿ ಸಿಡಿಯುವ ತಲೆನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ. ಒಂದು ವಸ್ತು ಹಠಾತ್ತನೆ ಎರಡಾಗಿ ಕಾಣುವುದು. ಇವಕ್ಕೆ ಹೋಲಿಕೆ, ಆಯ್ಕೆ ಯಾವುದೂ ಇಲ್ಲ. ಹತ್ತಿರ ಯಾವ ಕಣ್ಣಿನ ಡಾಕ್ಟರಿದ್ದಾರೋ ಅಲ್ಲಿಗೆ ಅಂದೇ ಹೋಗಬೇಕು, ಡಾಕ್ಟರಿಲ್ಲದಿದ್ದರೆ ಜಿಲ್ಲಾಸ್ಪತ್ರೆಗೆ.

ಶಿಬಿರವೋ, ಮಡಿಕೇರಿಯೋ, ಹೊರಜಿಲ್ಲೆಯೋ?

ಶಿಬಿರಗಳ ಬಗ್ಗೆ ನನಗೆ ಗೌರವವಿದೆ. ಡಾ. ಎಂ.ಸಿ. ಮೋದಿ ಅವರಂಥವರು ಊರೂರಿಗೆ ಹೋಗಿ ಪೊರೆ ತೆಗೆದ ನಾಡು ನಮ್ಮದು. ಇಂದಿನ ಶಿಬಿರಗಳು ಹೆಚ್ಚಾಗಿ ತಪಾಸಣೆಯನ್ನಷ್ಟೇ ಊರಿನಲ್ಲಿ ಮಾಡಿ, ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೆ ಕರೆದೊಯ್ದು ಮರಳಿ ತಂದುಬಿಡುತ್ತವೆ, ಅದು ಸುರಕ್ಷಿತ ಕ್ರಮ. ಮಕ್ಕಳು ಬೆಂಗಳೂರಿನಲ್ಲಿದ್ದು ತೋಟದ ಮನೆಯಲ್ಲಿ ಒಂಟಿಯಾಗಿರುವ ಹಿರಿಯರಿಗೂ, ಬಸ್ ಚಾರ್ಜೇ ಭಾರವಾಗುವ ಕುಟುಂಬಕ್ಕೂ ಇದು ದೊಡ್ಡ ಅನುಕೂಲ. ಕೊರತೆಯೆಂದರೆ ನೂರಾರು ಜನರ ಸಾಲಿನಲ್ಲಿ ರೆಟಿನಾ, ನರದಂಥ ನಿಧಾನದ ಪರೀಕ್ಷೆಗಳಿಗೆ ಸಮಯ ಸಿಗುವುದಿಲ್ಲ. ಮುಂದಿನ ವಾರ ಕಣ್ಣು ನೋಯ್ದರೆ ಯಾರನ್ನು ಕೇಳಬೇಕು, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಬರೆಸಿಕೊಂಡೇ ಹೋಗಿ.

ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದ ಮೇಲೆ ಜಿಲ್ಲಾಸ್ಪತ್ರೆ ಬೋಧಕ ಆಸ್ಪತ್ರೆಯೂ ಆಗಿದೆ. ಸಾಮಾನ್ಯ ಪೊರೆ, ಕೆಂಗಣ್ಣು, ಸಕ್ಕರೆ ಕಾಯಿಲೆಯ ವಾರ್ಷಿಕ ಪರೀಕ್ಷೆ, ದೃಷ್ಟಿ ಅಂಗವಿಕಲತೆಯ ಪ್ರಮಾಣಪತ್ರ ಇವಕ್ಕೆಲ್ಲ ಮೊದಲು ಅಲ್ಲಿಗೇ ಹೋಗುವುದು ವಿವೇಕ ಎಂದು ನನಗನಿಸುತ್ತದೆ. ಬೆಳಗಿನ ಸಾಲು ಉದ್ದವಿರುತ್ತದೆ, ತಾಳ್ಮೆ ಬೇಕು. ರೆಟಿನಾ ಕಳಚುವುದು, ಕಾರ್ನಿಯಾ (ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರ) ಬದಲಿಸುವುದು, ಮಕ್ಕಳ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ ಇಂಥವಕ್ಕೆ ಆಯಾ ಭಾಗದಲ್ಲೇ ಹೆಚ್ಚಿನ ತರಬೇತಿ ಪಡೆದವರು ಬೇಕು, ಆಗ ಜಿಲ್ಲೆ ದಾಟಬೇಕಾಗುತ್ತದೆ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸುಮಾರು 140 ಕಿ.ಮೀ. ದೂರ. ಸರ್ಕಾರಿ ವ್ಯವಸ್ಥೆಯಲ್ಲೇ ಹೋಗುವವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆ, ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗಳಿವೆ. ಪದೇ ಪದೇ ಹೋಗಬೇಕಾದ ಚಿಕಿತ್ಸೆಯಾದರೆ ನಾನು ಮೈಸೂರನ್ನೇ ಸೂಚಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು, ಮಂಗಳೂರಿಗೆ ಹೋಗುವ ಸಂಪಾಜೆ ಘಾಟಿಯ ರಸ್ತೆ ಮುಚ್ಚಿದ್ದನ್ನು ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ವಿರಾಜಪೇಟೆ, ಪೊನ್ನಂಪೇಟೆ ಕಡೆಯವರಿಗೂ ಹುಣಸೂರಿನ ಮೇಲಿನ ದಾರಿ ಹತ್ತಿರ.

ಪೊರೆಯ ಶಸ್ತ್ರಚಿಕಿತ್ಸೆಯ ಬೆಲೆಯಲ್ಲಿ ಇರುವಷ್ಟು ಅಂತರ ಬೇರೆಲ್ಲೂ ಇಲ್ಲ. ರಾಷ್ಟ್ರೀಯ ಕಾರ್ಯಕ್ರಮದಡಿ ಲೆನ್ಸ್ ಸಮೇತ ಉಚಿತವಾಗಿಯೂ ಆಗುತ್ತದೆ, ಖಾಸಗಿಯಲ್ಲಿ ದುಬಾರಿ ಲೆನ್ಸಿಗೆ ಲಕ್ಷದ ಹತ್ತಿರವೂ ಹೋಗುತ್ತದೆ. ಶಬ್ದತರಂಗದಿಂದ ಪೊರೆಯನ್ನು ಪುಡಿಮಾಡಿ ಹೀರಿ ತೆಗೆಯುವ ಫೇಕೋ ವಿಧಾನದಲ್ಲಿ ಗಾಯ 2ರಿಂದ 3 ಮಿಲಿಮೀಟರ್, ಬೇಗ ಮಾಯುತ್ತದೆ. ಕೈಯಿಂದ ಪೊರೆ ಹೊರತೆಗೆಯುವ ಸಣ್ಣ ಗಾಯದ ವಿಧಾನದಲ್ಲಿ ಸುಮಾರು 6 ಮಿಲಿಮೀಟರ್, ಹೊಲಿಗೆ ಅದಕ್ಕೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಪೊರೆ ತುಂಬಾ ಬಲಿತಿದ್ದಾಗ ಕೆಲವು ಡಾಕ್ಟರರು ಎರಡನೆಯದನ್ನೇ ಮೆಚ್ಚುತ್ತಾರೆ. ನುರಿತ ಕೈಯಲ್ಲಿ ಎರಡರ ಫಲವೂ ಚೆನ್ನಾಗಿರುತ್ತದೆ. ಲೆನ್ಸಿನ ವಿಷಯದಲ್ಲಿ ದುಬಾರಿಯದೆಲ್ಲ ಎಲ್ಲರಿಗೂ ಒಪ್ಪುವುದಿಲ್ಲ. ದೂರ, ಹತ್ತಿರ ಎರಡಕ್ಕೂ ಹೊಂದುವ ಮಲ್ಟಿಫೋಕಲ್ ಲೆನ್ಸಿನಿಂದ ಕನ್ನಡಕದ ಗೊಡವೆ ಕಡಿಮೆಯಾಗುತ್ತದೆ. ಆದರೆ ರಾತ್ರಿ ಎದುರಿನ ಹೆಡ್‌ಲೈಟಿನ ಸುತ್ತ ಪ್ರಭೆ ಕಾಣುವುದು ಅದರಲ್ಲಿ ಹೆಚ್ಚು. ಮಂಜು ಕವಿದ ಆನೆಕಾಡಿನ ರಸ್ತೆಯಲ್ಲಿ ರಾತ್ರಿ ಜೀಪು ಓಡಿಸುವವರು, ಒಂದೇ ದೂರದ ಸಾಮಾನ್ಯ ಲೆನ್ಸ್ ಹಾಕಿಸಿಕೊಂಡು ಓದುವಾಗ ಕನ್ನಡಕ ಧರಿಸುವುದೇ ಮೇಲೆಂಬುದು ನನ್ನ ಸಲಹೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಗರಿಷ್ಠ 1.5 ಲಕ್ಷ ರೂಪಾಯಿ. ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಪತ್ರ ಬೇಕೇ ಎಂದು ವಿಚಾರಿಸಿಕೊಳ್ಳಿ.

ಯಾವ ಬಾಗಿಲನ್ನೇ ಆರಿಸಿಕೊಂಡರೂ ಈಗ ಹಾಕುವ ಕನ್ನಡಕ, ಹಳೆಯ ಚೀಟಿಗಳು, ಹಾಕುತ್ತಿರುವ ಹನಿಗಳ ಬಾಟಲಿ, ಬಿಪಿ ಮತ್ತು ಸಕ್ಕರೆಯ ಮಾತ್ರೆಗಳ ಹೆಸರು, ಆಧಾರ್ ಮತ್ತು ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ. ಪರೀಕ್ಷೆ ಮುಗಿದ ಮೇಲೆ ಪವರನ್ನು ಬರೆದ ಚೀಟಿ ಕೇಳಿ ಪಡೆಯಿರಿ, ಕನ್ನಡಕವನ್ನು ಅಲ್ಲೇ ಮಾಡಿಸಬೇಕೆಂಬ ನಿರ್ಬಂಧವಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗಿ, ಬಿಸಿಲು ಕುಕ್ಕುತ್ತದೆ. ಆ ದಿನ ಸ್ಕೂಟರನ್ನು ಮನೆಯಲ್ಲೇ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಬಸ್ಸಿನಲ್ಲಿ ಹೋಗಿ.